ಜೇಕಿನ ಗಂಟು

ಹೆಣಕ್ಕೆ ನೀರು ಹಾಕಲೆಂದು ಸೆರಗು ಸಡಿಲಿಸಿದಾಗ ಪಕ್ಕೀರಮ್ಮನ ಸೊಂಟದ ಗಂಟು ಸೊಸೆ ಕನಕಮ್ಮನ ಕೈಗೆ ಸಿಕ್ಕಿತು. ಬಿಚ್ಚಿದಳು. ಎಲೆ ಅಡಿಕೆಯಲ್ಲ, ಬೆರಳ ತುದಿಯಷ್ಟು ದಪ್ಪದ ಕರಿ ಗಡ್ಡೆಗಳು, ಒಂದು ಹಿಡಿ.

"ಯವ್ವಾ, ಜೇಕಿನ ಗಡ್ಡಿ!" ಬಿಂದಿಗೆ ಹಿಡಿದಿದ್ದ ನೆರೆಮನೆಯ ಅಂಜಿನಕ್ಕ ಗಲ್ಲಕ್ಕೆ ಕೈ ಹಚ್ಚಿದಳು. "ಹಂದಿ ಕೆದರಿ ತಿಂತಾವಲ್ಲ, ಅದು. ಮೊನ್ನಿ ತೋಟದ ಬದುವಿನಾಗ ಕುಂತು ಅಗೀತಿದ್ಲು, ಕೇಳಿದ್ರ ನಕ್ಕಳು. ಮುದುಕಿಗೆ ಹೊಟ್ಟಿಗೆ ಹಾಕ್ತಿದ್ದಿಲ್ಲೇನ ಕನಕಿ?"

"ದಿನಾ ಎರಡು ರೊಟ್ಟಿ ಬಡದು, ಮುಚ್ಚಿಟ್ಟು ಕೂಲಿಗೆ ಹೋಗೀನಿ. ಸಂಜಿಗೆ ಬಂದು ಉಂಡ್ಯೇನತ್ತಿ ಅಂತ ಕೇಳೀನಿ. ಉಂಡಾತವ್ವ ಅಂತಿದ್ಲು."

"ಹೂಂ. ಅದಕ್ಕ ಎಲುಬಿನ ಗೂಡಾಗ್ಯಾಳ ನೋಡು."

ಉಳಿದ ಹೆಂಗಸರು ನೀರು ಹೊಯ್ದರು. ಪಕ್ಕೆಲುಬುಗಳ ನಡುವೆ ನೀರು ಸಾಲುಸಾಲಾಗಿ ಇಳಿಯುತ್ತಿತ್ತು. ಸೊಸೆ ಉಪವಾಸ ಕೆಡವಿ ಕೊಂದಳು ಎಂಬ ಮಾತು ನಾಳೆ ಕೊಟ್ಟೂರು ಸಂತೆ ಮುಟ್ಟುತ್ತದೆಂದು ಕನಕಮ್ಮನಿಗೆ ಗೊತ್ತಿತ್ತು. ಗಡ್ಡೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

*

ಎಪ್ಪತ್ತೆರಡನೇ ಇಸವಿಯ ಬರ. ಒಣಗಿದ ಕೆರೆಯಂಗಳದಲ್ಲಿ ಕೂತು ಪಕ್ಕೀರಮ್ಮ ಕಳೆ ಕೀಳುವ ಕುರ್ಚಿಗಿಯಿಂದ ಜೇಕು ಹುಲ್ಲಿನ ಬುಡ ಅಗೆಯುತ್ತಿದ್ದಳು. ಗಡ್ಡೆಗಳನ್ನು ಬಿಸಿಬೂದಿಯಲ್ಲಿ ಹುದುಗಿಸಿ, ಅಂಗೈಯಲ್ಲಿ ತಿಕ್ಕಿ, ನಾರು ಊದಿ ಬಾಯಿಗಿಟ್ಟರೆ ಕಹಿ, ಕರ್ಪೂರದಂಥ ವಾಸನೆ. ಕೂಲಿಗೆ ಸಿಕ್ಕ ಜೋಳದ ಒಂದೇ ರೊಟ್ಟಿ ಏಳು ವರ್ಷದ ಮಗ ದುರುಗಪ್ಪನಿಗೆ.

"ನಿಂದವ್ವಾ?"

"ನಂದು ಉಂಡಾತು. ನೀ ತಿನ್ನಲೇ."

*

ಗಂಡಸರು ಹೆಣ ಹೊತ್ತು ಉಜ್ಜಿನಿ ದಾರಿಯ ಮಸಣಕ್ಕೆ ಹೋದ ಮೇಲೆ ಕನಕಮ್ಮ ಅತ್ತೆ ಮಲಗುತ್ತಿದ್ದ ಮೂಲೆ ಸಾರಿಸಲು ಕೂತಳು. ಕೌದಿ ಎಳೆದರೆ ಹಿಂದೆ ಬಾಯಿ ಕಟ್ಟಿದ ಗಡಿಗೆ. ಒಳಗೆ ರೊಟ್ಟಿ, ತಾನೇ ಬಡಿದದ್ದು. ಅತ್ತೆ ಒಣಗಿಸಿ ಬಾಯಿತನಕ ಒಟ್ಟಿದ್ದಳು. ತಳದವು ಹುಳ ಹಿಡಿದು ಹಿಟ್ಟಾಗಿದ್ದವು. "ಮಳಿ ಹೋತು, ಬರ ಬಂತು, ಹುಡುಗಗ ಏನ್ ಮಾಡ್ಲಿ" ಎಂದು ಈಚೆಗೆ ಮುದುಕಿ ಗೊಣಗುತ್ತಿದ್ದಳು. ಅರಳುಮರಳು ಅಂದುಕೊಂಡಿದ್ದಳು ಕನಕಮ್ಮ.

ಗಡಿಗೆ ಅವುಚಿಕೊಂಡು ಎದ್ದಳು. ಅಂಜಿನಕ್ಕನ ಮುಂದೆ ಕುಕ್ಕಬೇಕು, ನೋಡು ಅನ್ನಬೇಕು. ಹೊಸ್ತಿಲಲ್ಲಿ ಕಾಲು ನಿಂತಿತು. ಇಷ್ಟು ರೊಟ್ಟಿ ಸೇರುವತನಕ ಒಂದು ದಿನವೂ ಅತ್ತೆಯ ಮೈ ಮುಟ್ಟಿ ನೋಡಿರಲಿಲ್ಲ. ಗಡಿಗೆಯನ್ನು ಬಾಗಿಲ ಹಿಂದೆ ಇಟ್ಟಳು.

ಹೊತ್ತು ಇಳಿದಾಗ ಗಂಡ ದುರುಗಪ್ಪ ಮಣ್ಣು ಮಾಡಿ ಬಂದ. ತಲೆಯಿಂದ ನೀರು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತಿದ್ದರು.

"ಕಡೀಗೆ ಅವ್ವ ಏನುಂಡ್ಲು?" ಎಂದ.

ಕನಕಮ್ಮ ಸೆರಗಿನ ತುದಿ ಬಿಚ್ಚಿ ಅಂಗೈ ಚಾಚಿದಳು. ಅಂಜಿನಕ್ಕ ಕತ್ತು ಉದ್ದ ಮಾಡಿದಳು.

ದುರುಗಪ್ಪ ಬಗ್ಗಿ ನೋಡಿದ. "ಹಂಗಾರ ನನಗಂತ ರೊಟ್ಟಿ ಎಲ್ಲಿ ಮುಚ್ಚಿಟ್ಟಾಳ?"

ಉತ್ತರಕ್ಕೆ ಕಾಯಲಿಲ್ಲ. ಒಂದು ಗಡ್ಡೆ ಎತ್ತಿಕೊಂಡು, ಅಂಗೈಯಲ್ಲಿ ತಿಕ್ಕಿ, ನಾರು ಊದಿ ಬಾಯಿಗೆ ಹಾಕಿಕೊಂಡ.