ಕೈ ಒಡ್ಡದ ಮನುಷ್ಯ

ಕಾರ್ಖಾನೆಯವರು ಕಳಿಸಿದ್ದ ಹೂವಿನ ಚಕ್ರವನ್ನು ಲಿನೆಟ್ ಎರಡನೇ ಸಲ ಗೋಡೆಯ ಕಡೆಗೆ ತಿರುಗಿಸಿದಳು. ಮೊದಲ ಸಲ ತಿರುಗಿಸಿದ್ದನ್ನು ಮೈದುನ ಕೀತ್ ಬಂದು ಮತ್ತೆ ಜನರಿಗೆ ಕಾಣುವ ಹಾಗೆ ಇಟ್ಟಿದ್ದ. ನಡುವೆ ಬಿಳಿ ಸೇವಂತಿಗೆಯಲ್ಲಿ ಮಾಡಿದ ಮೀನು, ಅದರ ಹೊಟ್ಟೆಯ ಮೇಲೆ ಕಂಪನಿಯ ಹೆಸರು.

"ಬಿಡೇ ಲಿನೆಟ್, ಜನ ನೋಡ್ತಾರೆ," ಎಂದ ಕೀತ್.

"ನೋಡ್ಲಿ ಅಂತಾನೇ ಕಳ್ಸಿರೋದು. ಸತ್ತೋನ ಪೆಟ್ಟಿಗೆ ಮೇಲೂ ಜಾಹೀರಾತು."

ಪೆಟ್ಟಿಗೆಯೊಳಗೆ ಅವಳ ಗಂಡ ನೆವಿಲ್ ಹಾಲ್ಟನ್ ನೀಲಿ ಸೂಟಿನಲ್ಲಿ ಮಲಗಿದ್ದ. ಮೀಸೆ ಮೂಡುವ ಮೊದಲೇ ಗ್ರಿಮ್ಸ್‌ಬಿಯ ಬಂದರಿನಲ್ಲಿ ಐಸಿನ ಪೆಟ್ಟಿಗೆ ಹೊತ್ತು ಶುರುಮಾಡಿದವನು, ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆಯ ಮ್ಯಾನೇಜರ್ ಆಗಿ, ಪಿಂಚಣಿಯ ಮೊದಲ ಕಂತು ಕೈಸೇರುವ ಮುಂಚೆ ಎದೆ ಹಿಡಿದುಕೊಂಡು ಸತ್ತ. ಊರಿಗೆ ಗೊತ್ತಿದ್ದ ಚರಿತ್ರೆ ಅಷ್ಟೇ.

ಚಿತಾಗಾರದ ಸಭಾಂಗಣ ತುಂಬಿತ್ತು. ಕೀತ್ ಎದ್ದು ನಿಂತು ಟೈ ಸರಿಮಾಡಿಕೊಂಡ. ಅವನೂ ಅದೇ ಕಾರ್ಖಾನೆಯಲ್ಲಿ ಮಾರಾಟ ವಿಭಾಗದ ಮುಖ್ಯಸ್ಥ. ಅಣ್ಣನ ನೆರಳಲ್ಲೇ ಬೆಳೆದವನು.

"ನಮ್ಮಣ್ಣ ಯಾವತ್ತೂ ಯಾರ ಮುಂದೇನೂ ಕೈ ಒಡ್ಡಿದೋನಲ್ಲ," ಎಂದ. "ಈಗಿನ ಜನ ಹಲ್ಲು ಬರೋಕೆ ಮುಂಚೇನೇ ಸರ್ಕಾರದ ಮುಂದೆ ಬಟ್ಟಲು ಹಿಡೀತಾರೆ. ನೆವ್ ಸರ್ಕಾರದಿಂದ ಒಂದು ಪೆನ್ನಿ ಕೇಳಲಿಲ್ಲ. ಒಂದೇ ಒಂದು ಪೆನ್ನಿ."

ಜನ ತಲೆದೂಗಿದರು. ಶೀತಲಗೃಹದ ಮೇಲ್ವಿಚಾರಕ ಡೆನಿಸ್ ಕಣ್ಣು ಒರೆಸಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಅದನ್ನು ಕೆಮ್ಮು ಮಾಡಿಕೊಂಡರು. ಲಿನೆಟ್ ತಿರುಗಿ ನೋಡಲಿಲ್ಲ. ಕಾರ್ಖಾನೆಯ ಲೆಕ್ಕಪತ್ರದ ಮುಖ್ಯಸ್ಥೆ ಮೊಯ್ರಾ ಪಿಲಿಂಗ್‌ಳ ಗಂಟಲು ಅದೆಂದು ಅವಳಿಗೆ ಗೊತ್ತಿತ್ತು. ತನ್ನ ಬಾಯಿಂದ ಬರಬೇಕಾಗಿದ್ದ ನಗು ಇನ್ನೊಬ್ಬಳ ಬಾಯಿಂದ ಬಂದಿತಲ್ಲ ಎಂದು ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

*

ಕೆಲವು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ಸಿಕ್ಕಿದ ಮೊಯ್ರಾ ಲಿನೆಟ್‌ಳ ಚೀಲ ಹಿಡಿದು ನಿಲ್ಲಿಸಿದ್ದಳು. "ನಿನ್ನ ಯಜಮಾನನಿಗೆ ನೀನಾದ್ರೂ ಹೇಳು. ಪಿಂಚಣಿಗೆ ಕಟ್ಟೋ ದುಡ್ಡಿಗೆ ತೆರಿಗೆ ಮಾಫಿ. ಆದ್ರೆ ನಮ್ಮಲ್ಲಿ ತೆರಿಗೆ ಮುರಿದ ಮೇಲೇನೇ ಅದನ್ನ ಕಟ್ಟೋದು. ನೂರಕ್ಕೆ ಇಪ್ಪತ್ತರ ಪಾಲನ್ನ ಪಿಂಚಣಿ ಕಂಪನಿಯೋರೇ ಸರ್ಕಾರದಿಂದ ತಂದು ಸೇರಿಸ್ತಾರೆ. ನೆವಿಲ್ ತರ ದೊಡ್ಡ ಸಂಬಳದೋರು ನೂರಕ್ಕೆ ನಲವತ್ತು ತೆರಿಗೆ ಕಟ್ಟಿರ್ತಾರಲ್ಲ, ಮಿಕ್ಕ ಇಪ್ಪತ್ತನ್ನ ಅವರೇ ಕೇಳಿ ತಗೋಬೇಕು. ಕೇಳದಿದ್ರೆ ಯಾರೂ ಮನೆಗೆ ತಂದು ಕೊಡಲ್ಲ. ನಾಲ್ಕು ವರ್ಷ ದಾಟಿದ್ರೆ ಹೋಯ್ತು. ನಾನು ನಂದು ತಗೊಂಡು ಪ್ರತಿ ಚಳಿಗಾಲ ಮಡೇರಾ ದ್ವೀಪಕ್ಕೆ ಹೋಗಿ ಬಿಸಿಲು ಕಾಯಿಸ್ಕೊಂಡು ಬರ್ತೀನಿ."

ಆ ಸಂಜೆ ಲಿನೆಟ್ ಹ್ಯಾಡಕ್ ಮೀನು ಬಡಿಸುತ್ತ ವಿಷಯ ಎತ್ತಿದಳು. ಶಾಲೆಯ ಅಡುಗೆಮನೆಯ ಕೆಲಸದಲ್ಲಿ ದಿನವಿಡೀ ನಿಂತು ಬಂದಿದ್ದ ಅವಳ ಮಂಡಿ ಬಾತಿತ್ತು.

ನೆವಿಲ್ ಬಟಾಣಿಯನ್ನು ಫೋರ್ಕಿನಿಂದ ಅರೆದ. "ಅದೆಲ್ಲಾ ತಾನಾಗೇ ಆಗುತ್ತೆ. ಆ ಪಿಲಿಂಗ್‌ಗೆ ಮಾಡೋಕೆ ಬೇರೆ ಕೆಲಸ ಇಲ್ಲ."

"ಆಗಲ್ಲ ಅಂತಾಳೆ. ಕೇಳಬೇಕಂತೆ."

"ಕೇಳೋದು!" ಅವನು ಗೋಡೆಯ ಕಡೆ ಫೋರ್ಕು ತೋರಿಸಿದ. ಗೋಡೆಯಾಚೆ ಇದ್ದವನು ಪಕ್ಕದ ಮನೆಯ ಟೆರಿ. ಅದೇ ಕಾರ್ಖಾನೆಯ ಯಂತ್ರಕ್ಕೆ ಮೂರು ಬೆರಳು ಕೊಟ್ಟು ಸರ್ಕಾರದ ಭತ್ಯೆಯಲ್ಲಿ ಬದುಕುತ್ತಿದ್ದ. "ಕೇಳೋಕೆ ಅಗೋ ಅವನಿದಾನೆ. ಕೈಯೊಡ್ಡೋ ಕುಲ. ಕೈಯೇ ನೆಟ್ಟಗಿಲ್ಲ, ಆದ್ರೂ ಒಡ್ಡೋದು ಬಿಡಲ್ಲ. ನಾನು ಆ ಸಾಲಲ್ಲಿ ನಿಲ್ಲಲ್ಲ."

ಆ ಮಾತನ್ನೇ ನೆವಿಲ್ ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲೂ ಆಡಿದ. ಎಲ್ಲ ತಾನಾಗೇ ಆಗುತ್ತದೆ, ಹೆಂಗಸರ ಮಾತು ಕೇಳಬೇಡಿ ಎಂದ. ಡೆನಿಸ್, ಕೀತ್, ಮೇಲಿನ ಸಂಬಳದ ಇನ್ನು ಕೆಲವರು ನಕ್ಕು ತಲೆಯಾಡಿಸಿದರು. ನೆವ್ ಹೇಳಿದ ಮೇಲೆ ಮುಗಿಯಿತು.

ಆದರೆ ಅದೇ ವಾರ ಒಂದು ದಿನ ಲಿನೆಟ್ ಮಹಡಿಯ ಮೆಟ್ಟಿಲ ಮೇಲೆ ಒಗೆದ ಬಟ್ಟೆ ಹಿಡಿದು ನಿಂತಿದ್ದಾಗ, ಕೆಳಗೆ ನೆವಿಲ್ ಫೋನಿನಲ್ಲಿ ಮೆತ್ತಗೆ ಮಾತಾಡುವುದು ಕೇಳಿಸಿತು. ತೆರಿಗೆ ಕಚೇರಿಗೇ ಮಾಡಿದ್ದ.

"ಹೌದು, ಪಿಂಚಣಿ... ಇಲ್ಲ, ಅದು ಗೊತ್ತಿಲ್ಲ... ಒಟ್ಟು ಅಂದ್ರೆ? ಮುರಿಯೋ ಮುಂಚೆಯೋ ಆಮೇಲೆಯೋ? ಇನ್ನೊಂದ್ಸಲ ಹೇಳಿ." ಆಮೇಲೆ ಧ್ವನಿ ಏರಿತು. "ನಿಧಾನಕ್ಕೆ ಹೇಳ್ತೀನಿ ಅಂದ್ರೆ ಏನಮ್ಮ ಅರ್ಥ? ನಾನೇನು ದಡ್ಡನಾ? ನನ್ನ ಕೈಕೆಳಗೆ ಇನ್ನೂರು ಜನ ಕೆಲಸ ಮಾಡ್ತಾರೆ!"

ಫೋನು ಕುಕ್ಕಿದ ಸದ್ದಾಯಿತು. ಲಿನೆಟ್ ಬಗ್ಗಿ ನೋಡಿದಳು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಹೆಡ್‌ಮಾಸ್ಟರ ಕೋಣೆಯ ಹೊರಗೆ ಕೂತ ಹುಡುಗನ ಹಾಗೆ ಕೂತಿದ್ದ. ಅವಳಿಗೆ ಅಯ್ಯೋ ಅನ್ನಿಸಿತು. ಕೆಳಗಿಳಿದು ಹೋಗಿ, ಇಬ್ಬರೂ ಸೇರಿ ಕೇಳೋಣ ಬಾ ಎಂದಿದ್ದರೆ? ಇಳಿಯಲಿಲ್ಲ. ಇಳಿದಿದ್ದರೆ ಅವಳು ಕೇಳಿಸಿಕೊಂಡಿದ್ದು ಗೊತ್ತಾಗುತ್ತಿತ್ತು. ಅದನ್ನು ಅವನು ಈ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

*

ಶವಸಂಸ್ಕಾರ ಮುಗಿದ ಮೇಲೆ ಪಕ್ಕದ ಊರು ಕ್ಲೀಥಾರ್ಪ್ಸ್‌ನ ಕ್ಲಬ್ಬಿನ ಮಹಡಿಯಲ್ಲಿ ಚಹಾ ಇತ್ತು. ಹ್ಯಾಮ್ ಸ್ಯಾಂಡ್‌ವಿಚ್, ಪೋರ್ಕ್ ಪೈ, ಚೀಸಿನ ತುಂಡಿಟ್ಟ ಪ್ಲಮ್ ಬ್ರೆಡ್. ಗಂಡಸರು ತಟ್ಟೆ ತುಂಬಿಕೊಂಡು ನೆವಿಲ್‌ನ ಗುಣಗಾನ ಮಾಡುತ್ತಿದ್ದರು. ಉಚಿತ ಊಟದ ಮುಂದೆ ಸತ್ತವರೆಲ್ಲ ಒಳ್ಳೆಯವರೇ, ಎಂದುಕೊಂಡಳು ಲಿನೆಟ್.

ಮೊಯ್ರಾ ಬಂದು ಅವಳ ಪಕ್ಕ ಕೂತಳು. ಚಳಿಗಾಲದ ಬಿಸಿಲು ಕುಡಿದ ಮೈಬಣ್ಣ.

"ಇವತ್ತು ಹೇಳಬಾರದು. ಆದ್ರೆ ನಾಳೆ ಏಪ್ರಿಲ್ ಐದು, ತೆರಿಗೆ ವರ್ಷದ ಕೊನೇ ದಿನ. ನೆವಿಲ್ ಕೇಳದೇ ಬಿಟ್ಟಿದ್ದು ನಿನಗೆ ಬರುತ್ತೆ, ಹೆಂಡತಿಯಾಗಿ ನೀನು ಕೇಳಬಹುದು. ನಾಲ್ಕು ವರ್ಷದ್ದು. ನಾಳೆ ದಾಟಿದ್ರೆ ಅದರಲ್ಲಿ ಒಂದು ವರ್ಷದ್ದು ಮುಳುಗಿಹೋಗುತ್ತೆ. ಹತ್ರ ಹತ್ರ ಸಾವಿರ ಪೌಂಡ್. ತೆರಿಗೆ ಕಚೇರಿಗೆ ನಾಲ್ಕು ಸಾಲು ಬರೆದು ಇವತ್ತೇ ಅಂಚೆಗೆ ಹಾಕು, ನಾಳೆ ಮಧ್ಯಾಹ್ನದೊಳಗೆ ತಲುಪಿಸ್ತಾರೆ. ಅಂಕಿಅಂಶ ನನ್ನತ್ರ ಇದೆ."

"ಇಷ್ಟು ವರ್ಷ ಗೊತ್ತಿತ್ತು ನಿನಗೆ. ಬೇರೆಯೋರಿಗೆ ಯಾಕೆ ಹೇಳಲಿಲ್ಲ?"

ಮೊಯ್ರಾ ಭುಜ ಕುಣಿಸಿದಳು. "ಒಂದ್ಸಲ ಹೇಳ್ದೆ, ಕ್ಯಾಂಟೀನ್ ತುಂಬ ನಕ್ಕರು. ಆಮೇಲೆ ನಾನ್ಯಾಕೆ ಹೇಳಲಿ? ನಗ್ತಾ ಇರ್ಲಿ ಅಂತ ಬಿಟ್ಟೆ."

ಇವಳೂ ಆ ಮೀನಿನ ಜಾತಿಯವಳೇ, ತಣ್ಣನೆಯ ರಕ್ತ, ಅನ್ನಿಸಿತು ಲಿನೆಟ್‌ಗೆ. ಆದರೂ ಎದ್ದು, ಕ್ಲಬ್ಬಿನವನ ಹತ್ತಿರ ಒಂದು ಹಾಳೆ ಕೇಳಿ ಇಸಕೊಂಡಳು.

ಅವಳು ಬರೆಯತೊಡಗಿದ್ದನ್ನು ಕೀತ್ ಹೆಗಲ ಮೇಲಿಂದ ಬಗ್ಗಿ ಓದಿದ. "ಏನಿದು? ಇನ್ನೂ ಅವನ ಬೂದಿ ಆರಿಲ್ಲ, ಆಗಲೇ ದುಡ್ಡಿಗೆ ಅರ್ಜಿನಾ? ಅವನು ಆಯುಷ್ಯದಲ್ಲಿ ಕೈ ಒಡ್ಡಲಿಲ್ಲ ಅಂತ ಈಗ ತಾನೇ ಹೇಳಿ ಬಂದಿದೀನಿ!"

ತಟ್ಟೆಗಳು ಇತ್ತ ತಿರುಗಿದವು.

*

ಆಸ್ಟ್ರೇಲಿಯಾದ ಹೋಬಾರ್ಟಿನಲ್ಲಿದ್ದ ತಂಗಿ ರೊವೆನಾ ಸಾಯುವ ಮುಂಚೆ ಲಿನೆಟ್ ವಿಮಾನದ ದರ ವಿಚಾರಿಸಿದ್ದಳು. "ಒಂದು 'ಹೋಗಿ ಬಾ' ಹೇಳೋಕೆ ಎರಡು ಸಾವಿರ ಪೌಂಡಾ?" ಎಂದಿದ್ದ ನೆವಿಲ್. "ದುಡ್ಡೆಲ್ಲಿದೆ?" ತಂಗಿಯ ಶವಸಂಸ್ಕಾರವನ್ನು ಲಿನೆಟ್ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡಿದಳು. ಅಲ್ಲಿ ಹಾಡು ಶುರುವಾಗುವ ಹೊತ್ತಿಗೆ ಹಜಾರದಿಂದ ಕೂಗು ಬಂತು: "ಸ್ವಲ್ಪ ಸಣ್ಣಗೆ ಮಾಡೇ. ಸ್ನೂಕರ್ ಬರ್ತಾ ಇದೆ."

ಅವಳು ಸಣ್ಣಗೆ ಮಾಡಿದ್ದಳು.

*

"ಕೈ ಒಡ್ಡಲಿಲ್ಲ, ನಿಜ," ಎಂದಳು ಲಿನೆಟ್. ದನಿ ಏರಿಸಲಿಲ್ಲ. "ಫೋನ್ ಮಾತ್ರ ಮಾಡಿದ್ದ."

"ಯಾರಿಗೆ?"

"ತೆರಿಗೆ ಕಚೇರಿಗೆ. ಕೇಳಿದ್ರೇನೇ ಕೊಡೋದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಕೀತ್. ಅವರು ಹೇಳಿದ್ದು ತಲೆಗೆ ಹೋಗಲಿಲ್ಲ, ಇನ್ನೊಂದ್ಸಲ ಕೇಳೋಕೆ ನಾಚಿಕೆ. ಅದಕ್ಕೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನಿಮ್ಮೆಲ್ಲರ ಮುಂದೆ ಸಾಧಿಸ್ತಾ ಬಂದ. ಅವನ ಜಂಬಕ್ಕೆ ನನ್ನ ತಂಗಿ ಮುಖ ಕೊನೇ ಸಲ ನೋಡೋದು ತಪ್ಪಿತು."

ಡೆನಿಸ್‌ನ ಬಾಯಲ್ಲಿ ಪೋರ್ಕ್ ಪೈ ಹಾಗೇ ನಿಂತಿತ್ತು. ಅದನ್ನು ನುಂಗಿ, "ತಾನಾಗೇ ಆಗುತ್ತೆ ಅಂದಿದ್ನಲ್ಲ ನೆವ್," ಎಂದ.

"ಅಂದಿದ್ದ."

"ಅಂದ್ರೆ... ನಂದೂ ಆಗಿಲ್ವಾ?"

ಎಲ್ಲರೂ ನಿಧಾನಕ್ಕೆ ಮೊಯ್ರಾಳ ಕಡೆ ತಿರುಗಿದರು. ಅವಳು ಕಾಲಮೇಲೆ ಕಾಲು ಹಾಕಿ ಪ್ಲಮ್ ಬ್ರೆಡ್ ಮುರಿಯುತ್ತಿದ್ದಳು. "ನಾಲ್ಕು ವರ್ಷದ ಹಿಂದಿನದನ್ನ ಕೇಳೋಕೆ ನಾಳೆಯೇ ಕೊನೇ ದಿನ," ಎಂದಳು.

"ನಾಚಿಕೆಯಾಗಬೇಕು ನಿಮಗೆ," ಎಂದ ಕೀತ್. ಯಾರಿಗೆಂದು ಅವನಿಗೇ ತಿಳಿದ ಹಾಗೆ ಕಾಣಲಿಲ್ಲ. "ಅಣ್ಣನ ಹೆಸರಿಗೆ ಮಸಿ ಬಳಿದೆ ಲಿನೆಟ್. ಅವನನ್ನ ಕಳಿಸಿಕೊಟ್ಟ ದಿನವಾದ್ರೂ ಸುಮ್ಮನಿರಬಾರದಾ?"

"ಬದುಕಿದ್ದಷ್ಟು ದಿನವೂ ಸುಮ್ಮನಿದ್ದೆ. ಸಾಲದಾ?"

ಅವಳು ಹಾಳೆ ಮಡಚಿ ಕೋಟು ತೊಟ್ಟು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ.

ಸಮುದ್ರ ಹಿಂದೆ ಸರಿದು ದೂರದವರೆಗೂ ಕೆಸರು ಬಿದ್ದಿತ್ತು. ಅಂಚೆ ಕಚೇರಿ ಅಂಗಡಿಯೊಂದರ ಹಿಂಭಾಗದಲ್ಲಿ, ಹುಟ್ಟುಹಬ್ಬದ ಕಾರ್ಡುಗಳ ಸಾಲಿನ ಆಚೆಗಿತ್ತು. ಬಾಗಿಲು ಹಾಕುವ ಹೊತ್ತಾಗಿತ್ತು. ಲಿನೆಟ್ ಲಕೋಟೆ ಕೊಂಡು, ವಿಳಾಸ ಬರೆದು ಕೊಟ್ಟಳು. ಕಿಟಕಿಯಾಚೆಯ ಹೆಂಗಸು ಅದನ್ನು ತೂಕಕ್ಕಿಟ್ಟು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು: "ಬೆಲೆಬಾಳೋ ವಸ್ತು ಏನಾದ್ರೂ ಇದೆಯೇನಮ್ಮ ಒಳಗೆ?"

"ನಮ್ಮ ಯಜಮಾನರ ವಿಷಯ," ಎಂದಳು ಲಿನೆಟ್. "ಅಂಥದ್ದೇನಿಲ್ಲ."

ರಸೀತಿ ತೆಗೆದುಕೊಳ್ಳುವಾಗ ಬಾಗಿಲಿನ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಡೆನಿಸ್ ಏದುಸಿರು ಬಿಡುತ್ತ ಒಳಬಂದ. ಅವನ ಹಿಂದೆ ಕಪ್ಪು ಟೈಗಳ ಸಾಲು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಲಕೋಟೆಯ ಕಟ್ಟಿಗೆ ಮೂರು ಕೈ ಒಟ್ಟಿಗೆ ಬಿತ್ತು.

ಎಲ್ಲರಿಗಿಂತ ಕೊನೆಗೆ ಕೀತ್ ಬಂದ. ಸಾಲಿನಲ್ಲಿ ನಿಂತು, ಅತ್ತಿಗೆಯ ಕಡೆ ಬೆನ್ನು ತಿರುಗಿಸಿ, ಕಾರ್ಡುಗಳ ಕಪಾಟಿಗೆ ಕಾಗದ ಒತ್ತಿಕೊಂಡು ಅವಸರದಲ್ಲಿ ಗೀಚತೊಡಗಿದ. ಅವನಿಗೆ ಸಿಕ್ಕಿದ್ದು ಬೆಳಿಗ್ಗೆ ಚಿತಾಗಾರದಲ್ಲಿ ಹಂಚಿದ್ದ ಪ್ರಾರ್ಥನೆಯ ಹಾಳೆ. ಹಿಂಬದಿ ಖಾಲಿ ಇತ್ತು. ಬರೆದು ಸಹಿ ಹಾಕಿ, ಲಕೋಟೆಗೆ ಹಿಡಿಸಲಿಲ್ಲವೆಂದು ಮತ್ತೊಮ್ಮೆ ಮಡಚಿ, ಹೆಬ್ಬೆರಳಿನ ಉಗುರಿನಿಂದ ಗೀರೆಳೆದ. ಮುಂಬದಿಯ ಫೋಟೊದಲ್ಲಿ ನಗುತ್ತಿದ್ದ ನೆವಿಲ್‌ನ ಮೂಗಿನ ಮೇಲೆ ಆ ಗೀರು ಸರಿಯಾಗಿ ಕೂತಿತು.