ಒಂದು ಮಾತ್ರೆ ಕಡಿಮೆ

ಕಿಟ್ಟು ದಾದರಿನ ವಿಮಾ ಕಚೇರಿಯಲ್ಲಿ ಅಧಿಕಾರಿ. ಆದರೆ ಘಾಟ್ಕೋಪರಿನ ಕನ್ನಡ ಸಂಘದ ಸಂಚಿಕೆಗೆ ಬಂದ ಕವಿತೆಗಳು ಅವನ ಕೈಗೆ ಸಿಕ್ಕರೆ ಮುಗಿಯಿತು. ಲೋಕಲ್ ರೈಲಿನಲ್ಲಿ ಸೀಟು ಸಿಗಲಿ ಬಿಡಲಿ, ನಿಂತೇ ಲಘು ಗುರು ಹಾಕುತ್ತಿದ್ದ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಲೆಕ್ಕ ತಪ್ಪಿದ ಕಡೆ ತಾನೇ ಪದ ಬದಲಿಸುತ್ತಿದ್ದ. ಕವಿಯನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಮೈಸೂರಿನ ತಾತನಿಂದ ಛಂದಸ್ಸು ಕಲಿತವನಿಗೆ ಯಾರು ಎದುರಾಡುತ್ತಾರೆ?

ಈ ಸಲ ಜೋಗೇಶ್ವರಿಯಿಂದ ಅಣವೀರಪ್ಪ ಎಂಬ ಗಾರೆ ಕೆಲಸದ ಗೌಂಡಿ ಒಂದು ಭಾಮಿನಿ ಷಟ್ಪದಿ ಕಳಿಸಿದ್ದ. ಜೊತೆಗೊಂದು ಚೀಟಿ: ‘ಮಗಳು ನೀಲು ಡೆಂಗ್ಯೂ ಬಂದು ತೀರಿಕೊಂಡು ವರ್ಷವಾಯಿತು. ಅವಳ ಹೆಸರು ಅಚ್ಚಾದರೆ ಸಾಕು.’

ಊರಲ್ಲಿ ಪುರಾಣ ಓದುವುದನ್ನು ಕೇಳಿ ಕಿವಿಯಿಂದಲೇ ಕಲಿತ ಧಾಟಿ. ಆದರೂ ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂತಿತ್ತು, ಗಣಗಳು ಸರಿಯಿದ್ದವು. ಕಿಟ್ಟುವಿಗೆ ಖುಷಿಯಾಯಿತು, ತುಸು ಹೊಟ್ಟೆಕಿಚ್ಚೂ ಆಯಿತು. ಕೊನೆಯ ಸಾಲಿನಲ್ಲಿ ಮಾತ್ರ ನಾಲ್ಕು ಮಾತ್ರೆ ಬೇಕಾದಲ್ಲಿ ‘ನೀಲು’ ಮೂರೇ. ಇಷ್ಟು ಚೆಂದದ ಪದ್ಯ ಕುಂಟಬಾರದೆಂದು ಅದನ್ನು ಹೊಡೆದು ‘ಮಗಳೇ’ ಎಂದು ಬರೆದ. ಲೆಕ್ಕ ಸರಿಹೋಯಿತು. ಚೀಟಿಯನ್ನು ಅವನು ಓದಿದ್ದ, ಮರುಗಿಯೂ ಇದ್ದ. ಮಾತ್ರೆ ಎಣಿಸುವ ಹೊತ್ತಿಗೆ ಅದು ತಲೆಯಿಂದ ಜಾರಿತ್ತು. ಇಂಥ ಬುದ್ಧಿವಂತರಿಗೆ ಏನು ಹೇಳುವುದು!

ಭಾನುವಾರ ಬೆಳಿಗ್ಗೆ ಸಂಚಿಕೆ ಬಿಡುಗಡೆ. ಕವಿಗಳು ಒಬ್ಬೊಬ್ಬರಾಗಿ ಓದಿದರು. ಅಣವೀರಪ್ಪ ಪುಸ್ತಕ ತೆರೆಯಲಿಲ್ಲ. ಕಣ್ಣು ಮುಚ್ಚಿ ಹಾಡಿದ. ಕೊನೆಯ ಸಾಲಿಗೆ ಬಂದಾಗ, ಓಣಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಂತೆ ‘ನೀಲೂ’ ಎಂದು ಎಳೆದ. ಕಿಟ್ಟುವಿನ ಬೆರಳು ತಾನಾಗಿ ಎಣಿಸಿತು. ನಾಲ್ಕು. ಪದ್ಯ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಚಹಾದ ಹೊತ್ತಿಗೆ ಅಣವೀರಪ್ಪ ಪುಟ ತೆರೆದುಕೊಂಡು ಬಂದ.

“ಸರ, ಇಲ್ಲಿ ನಮ್ ನೀಲೂನ ಹೆಸರ ಇಲ್ಲಲ್ರಿ?”

“ಒಂದು ಮಾತ್ರೆ ಕಡಿಮೆ ಬರ್ತಿತ್ತು, ಅಣವೀರಪ್ಪನೋರೇ. ನಾನೇ ಬದಲಾಯಿಸಿದೆ. ತಪ್ಪಾಯ್ತು.”

“ಕರದ್ರ ಸರಿ ಬರ್ತದಲ್ರಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ಅವ್ವಗ ಓದಾಕ ಬರೂದು ಅದೊಂದ ಹೆಸರ್ರಿ. ನೀಲು ಸಾಲಿಗೆ ಹೋಗೂ ಮುಂದ ತಾನ ಆಕಿಗೆ ಕಲಿಸಿದ್ಲು. ನಾ ಪುಸ್ತಕ ತರ್ತೀನಿ ಅಂತ ಮುಂಜಾನಿಂದ ಬಾಗಲದಾಗ ಕುಂತಾಳ.”

ಕಿಟ್ಟು ಯಾರದೋ ಪೆನ್ನು ಇಸಕೊಂಡು ‘ಮಗಳೇ’ ಎಂಬುದನ್ನು ಹೊಡೆದ. ಮೇಲೆ ‘ನೀಲು’ ಎಂದು ಬರೆದ.

ಅಣವೀರಪ್ಪ ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ.

“ಆಕಿ ಅವ್ವ ಸಾಲಿ ಪುಸ್ತಕದಾಗಿನ ಅಚ್ಚಿನ ಅಕ್ಷರ ನೋಡಿ ಕಲತಾಳ್ರಿ. ಕೈಲೆ ಬರದದ್ದು ಆಕಿಗೆ ತಿಳಿಯಂಗಿಲ್ಲ,” ಎಂದು, ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದ.