ಇಂಗ್ಲಿಷಮ್ಮ

ಸತ್ತವಳ ತಂಗಿ ಹೆಣದ ಗಲ್ಲಕ್ಕೆ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಬಿಗಿಯುತ್ತಿದ್ದಳು. ಬಾಯಿ ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು.

"ಇಂಗ್ಲಿಷಮ್ಮಂಗೆ ಇನ್ನೂ ಏನೋ ಹೇಳೋದಿದೆ ನೋಡ್ರೀ," ಎಂದಳು ಪಕ್ಕದ ಮನೆಯಾಕೆ. ಒಂದಿಬ್ಬರು ಮುಖ ತಿರುಗಿಸಿ ನಕ್ಕರು. ಹೆಣ ಒಯ್ಯುವ ಗಾಡಿಗೆ ಕಾಯುತ್ತ ಕಿಟಕಿಯ ಬಳಿ ನಿಂತಿದ್ದ ಮಗಳು ಇತ್ತ ತಿರುಗಲಿಲ್ಲ.

*

ಸತ್ತವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ. ಗಂಡ ತೀರಿಕೊಂಡ ಮೇಲೆ ಯಾರನ್ನೂ ಕೇಳದೆ ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿದ್ದಳು. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲೇಳುತ್ತಿತ್ತು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ತಪ್ಪು. ತರಗತಿ ನಗುತ್ತಿತ್ತು, ತನ್ನ ಮಾತು ರುಚಿಸಿತೆಂದು ಅವಳೂ ನಗುತ್ತಿದ್ದಳು.

"ನಂಗೆ ಇಂಗ್ಲಿಷು ನೀರು ಕುಡಿದಷ್ಟು ಸಲೀಸು ಕಣೇ," ಎನ್ನುವಳು ಮಗಳಿಗೆ. ಅವಳು ಅಷ್ಟು ಸುಖವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ದಿನ ಮಗಳು ತಾಯಿಯ ಇಂಗ್ಲಿಷ್ ಮಾತುಗಳನ್ನು ಗುಟ್ಟಾಗಿ ಮೊಬೈಲಿನಲ್ಲಿ ಹಿಡಿದು ಗೆಳತಿಯರಿಗೆ ಕೇಳಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಯಾರೇ ಅದು, ಪಾಪ?" ಒಳಗಿಂದ ಬಂದ ತಾಯಿಯೂ ನಗುತ್ತಲೇ ಕೇಳಿದಳು.

"ನೀನೇ ಅಮ್ಮಾ."

ಮಾರನೆಯ ದಿನ ಅವಳು ಹಿಂದಿನ ಬೆಂಚಿಗೆ ಹೋದಳು. ಆಮೇಲೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಬರೆದಳು, ತಿದ್ದಿದಳು, ಕಲಿತಳು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಮೇಷ್ಟ್ರು ಕರೆದು ಹೊಗಳಿದರೆ, "ನಂಗೇನೂ ಬರಲ್ಲ ಸಾರ್," ಎಂದಳು. ಹಾಗೆಂದೇ ನಂಬಿದ್ದಳು.

ನಿನ್ನೆ ಎದೆ ಹಿಂಡಿದಂತಾಗಿ, ಮಗಳು ಆಸ್ಪತ್ರೆಗೆ ಕರೆದೊಯ್ದಳು. ಹೊಸ ಡಾಕ್ಟರಿಗೆ ಇಲ್ಲಿಯ ಮಾತು ಬಾರದು. ನೋವು ತೋಳಿಗೂ ಇಳಿಯುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳಿಗೆ ಅರ್ಥವಾಗಲಿಲ್ಲ, ಆದರೂ ಠೀವಿಯಿಂದ ಇಲ್ಲವೆಂದು ತಲೆಯಾಡಿಸಿದಳು. ತಾಯಿಗೆ ಅರ್ಥವಾಗಿತ್ತು. ಎಡತೋಳು ಬೆಳಗಿನಿಂದಲೂ ಸೆಳೆಯುತ್ತಿತ್ತು. ಕಚೇರಿಗೆ ಹೋಗುವ ಮಗಳು ತಪ್ಪುವಳೇ, ತನಗೇ ಏನೋ ತಪ್ಪಾಗಿ ಕೇಳಿಸಿರಬೇಕು ಎಂದುಕೊಂಡು ಸುಮ್ಮನಾದಳು. ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದು ಮಲಗಿದವಳು ಏಳಲಿಲ್ಲ.

*

ಮೇಷ್ಟ್ರು ಬಂದು ಹೆಣಕ್ಕೆ ಕೈಮುಗಿದು ಮಗಳತ್ತ ತಿರುಗಿದರು. "ನಮ್ಮ ಕ್ಲಾಸಲ್ಲಿ ನಿಮ್ಮಮ್ಮನಷ್ಟು ಇಂಗ್ಲಿಷು ಯಾರಿಗೂ ಬರ್ತಿರಲಿಲ್ಲಮ್ಮ."

"ಸತ್ತೋರು ಅಂತ ಹಂಗೆಲ್ಲಾ ಹೊಗಳ್ಬೇಡಿ ಸಾರ್," ಎಂದಳು ಮಗಳು. "ಡಾಕ್ಟ್ರ ಮುಂದೆ ಪಿಟ್ಟೆನ್ನಲಿಲ್ಲ. ಎಲ್ಲಾ ನಾನೇ ಹೇಳ್ಬೇಕಾಯ್ತು."

ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಕಚೇರಿಯ ಮೇಲಧಿಕಾರಿ. ಅಮ್ಮ ಹೇಗೆ ಹೋದರು ಎಂದು ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದುದು ಮೇಷ್ಟ್ರಿಗೂ ಕೇಳಿಸುತ್ತಿತ್ತು.

"ಯೆಸ್ ಸರ್," ಎಂದಳು ಮಗಳು.

ಅವರು ಮತ್ತೆ ಕೇಳಿದರು, ಬಿಡಿಸಿ ಬಿಡಿಸಿ.

"ಯೆಸ್ ಸರ್, ಯೆಸ್ ಸರ್!" ಎಂದಳು, ಬೀದಿಯಲ್ಲಿದ್ದವರಿಗೂ ಕೇಳುವಂತೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಎತ್ತಿದ್ದ ಕಾಲನ್ನು ಮೇಷ್ಟ್ರು ಕೆಳಗಿಡಲಿಲ್ಲ. ಗೋಡೆ ಹಿಡಿದು, ಒಂಟಿಕಾಲಲ್ಲೇ, ಅವಳ ತುಟಿಗಳನ್ನು ನೋಡುತ್ತ ನಿಂತುಬಿಟ್ಟರು.